ಹೆಸರಿಲ್ಲದ ಪೊಟ್ಟಣ ಮನೆಗೆ ಬೇಡ

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸು. ದಿನಾ ಸಂಜೆ ಗೋಬಿ ಮಂಚೂರಿ ಬೇಕು ಅಂತಾನೆ. ಬಣ್ಣ ಹಾಕಬಾರದು ಅಂತ ಸರ್ಕಾರ ಹೇಳಿದ ಮೇಲೂ ನಮ್ಮ ರಸ್ತೆಯ ಗಾಡಿಯಲ್ಲಿ ಕೆಂಪಗೇ ಇರುತ್ತದೆ. ಮನೆಯಲ್ಲೇ ಮಾಡೋಣ ಅಂದುಕೊಂಡೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಕೆಂಪು ಪುಡಿ ಹಾಕಬಹುದಾ ಮೇಡಂ?
- ಗೃಹಿಣಿ, ದಾವಣಗೆರೆ

ಉತ್ತರ: ಆ ಪುಡಿ ಬೇಡವೇ ಬೇಡ. ಮನೆಯಲ್ಲಿ ಈಗಾಗಲೇ ತಂದಿಟ್ಟಿದ್ದರೆ ಒಮ್ಮೆ ಕೈಗೆ ತಗೊಂಡು ನೋಡಿ. ತೆಳ್ಳಗಿನ ಪ್ಲಾಸ್ಟಿಕ್ ಪೊಟ್ಟಣ, ಬಾಯಿಗೆ ಒಂದು ಪಿನ್ನು, ಒಳಗೆ ಎರಡು ಚಿಟಿಕೆ ಪುಡಿ. ಮೇಲೆ ಒಂದಕ್ಷರ ಇಲ್ಲ. ಹಾಗೇ ಇದೆ ಅಲ್ವಾ? ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ನನಗೆ ಭಯ ಇರುವುದು ಇಂಥ ಪೊಟ್ಟಣಗಳ ಬಗ್ಗೆಯೇ.

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಪರೀಕ್ಷೆಗಳ ಫಲಿತಾಂಶ ಬಂದಾಗ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಗೊತ್ತಾಯಿತು. ಬೊಂಬಾಯಿ ಮಿಠಾಯಿಯಲ್ಲಿ 25ಕ್ಕೆ 15. ಆಮೇಲೆ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಬಂತು. ಸಿಕ್ಕ ಬಣ್ಣಗಳೆಲ್ಲ ಒಂದೇ ಥರದವಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೋಡಮೈನ್-ಬಿ ಅನ್ನುವುದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಅದನ್ನು ಯಾವ ತಿಂಡಿಗೂ, ಎಷ್ಟೇ ಕಡಿಮೆ ಆದರೂ ಹಾಕುವ ಹಾಗಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ ಅಂಥವು ಬೇರೆ. ಕೆಲವು ಸಿಹಿತಿಂಡಿ, ಪಾನೀಯಗಳಿಗೆ ಅವುಗಳನ್ನು ಹಾಕಲು ಅನುಮತಿ ಇದೆ, ಅದೂ ಕೆಜಿಗೆ 100 ಮಿಲಿಗ್ರಾಂ ಮೀರಬಾರದು. ಗೋಬಿಗೆ ಅವೂ ಇಲ್ಲ. ಗಾಡಿಯವರು ಅಳತೆ ಮಾಡಿ ಹಾಕುವುದಿಲ್ಲ, ಹಿಟ್ಟು ಕಲಸುವಾಗ ಚಮಚದ ತುದಿಯಲ್ಲಿ ಅಂದಾಜಿಗೆ ಸುರಿಯುತ್ತಾರೆ. ತಿನ್ನುವವನು ನಿಮ್ಮ ಮಗನಂಥ ಸಣ್ಣ ಮೈಯ ಹುಡುಗ ಆದರೆ ಅದೇ ಪ್ರಮಾಣ ಅವನಿಗೆ ಜಾಸ್ತಿಯಾಗುತ್ತದೆ.

ಅನುಮಾನ ಬಂದರೆ ಒಂದು ತುಂಡನ್ನು ಬಿಳಿ ಬಟ್ಟಲಿನ ನೀರಿಗೆ ಹಾಕಿ. ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಬಿಡುತ್ತದೆ, ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ನೀರೇ ಗಾಢ ಗುಲಾಬಿ ಅಥವಾ ಕಿತ್ತಳೆ ಆಯಿತು ಅಂದರೆ ಆ ಗಾಡಿ ಬಿಟ್ಟುಬಿಡಿ. ಇದು ಲ್ಯಾಬ್ ಪರೀಕ್ಷೆಗೆ ಸಮ ಅಲ್ಲ, ಆದರೆ ಮಗನನ್ನು ಒಪ್ಪಿಸುವುದಕ್ಕೆ ಸಾಕು, ಅವನೇ ನೋಡಲಿ.

ಮನೆಯಲ್ಲಿ ಮಾಡುವಾಗ ನಿಮ್ಮ ಪಕ್ಕದ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ! ಆರೇಳು ಒಣಮೆಣಸಿನಕಾಯಿ ಬೀಜ ತೆಗೆದು ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ ಕಾರ್ನ್‌ಫ್ಲೋರ್ ಮೈದಾ ಹಿಟ್ಟಿಗೆ ಸೇರಿಸಿ. ಖಾರ ಕಡಿಮೆ, ಬಣ್ಣ ಚೆನ್ನಾಗಿರುತ್ತದೆ. ಗಾಡಿಯದರಷ್ಟು ಹೊಳೆಯುವುದಿಲ್ಲ, ಸ್ವಲ್ಪ ಕಂದುಗೆಂಪು ಬರುತ್ತದೆ. ಅದೇ ಅದರ ನಿಜವಾದ ಬಣ್ಣ. ಮತ್ತೆ, ಗಾಡಿಯ ಅಣ್ಣನಿಗೆ ಬಾಯಿಬಿಟ್ಟು ಕೇಳಿ. ನಮ್ಮ ಬೀದಿಯಲ್ಲಿ ನಾವು ಮೂರ್ನಾಲ್ಕು ಜನ ವಾರವಿಡೀ "ಬಣ್ಣ ಹಾಕದೆ ಕೊಡಿ" ಅಂತ ಕೇಳಿದ ಮೇಲೆ ಅವರು ಹಿಟ್ಟನ್ನೇ ಬದಲಾಯಿಸಿದರು.

ಪ್ರಶ್ನೆ: ಪ್ಯಾಕೆಟ್ ಮೇಲೆ ಐಎನ್‌ಎಸ್ ಅಂತ ನಂಬರ್ ಇದ್ದರೆ ಅದು ವಿಷ ಅಂತ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬಂದಿದೆ. ನಿಜವೇ?
- ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಇಲ್ಲ ಸಾರ್. ಐಎನ್‌ಎಸ್ ಅಂದರೆ ತಿಂಡಿಗೆ ಸೇರಿಸುವ ಬಣ್ಣ, ಹುಳಿ ಅಂಥ ಪದಾರ್ಥಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ನಂಬರ್, ಅಷ್ಟೇ. 300 ಅಂದರೆ ವಿಟಮಿನ್ ಸಿ. 330 ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ. 100 ನಮ್ಮ ಅರಿಶಿನದ ಹಳದಿ. ನಂಬರ್ ಇದೆ ಅಂದರೆ ಏನು ಹಾಕಿದ್ದಾರೆ ಅಂತ ಹೇಳಿದ್ದಾರೆ ಅಂತ ಅರ್ಥ, ಅದು ಒಳ್ಳೆಯದೇ. ನೀವು ನೋಡಬೇಕಾದದ್ದು ಪದಾರ್ಥಗಳ ಪಟ್ಟಿಯ ಮೊದಲ ಮೂರು ಹೆಸರು. ಯಾವುದು ಜಾಸ್ತಿ ತೂಕ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ ಇದೆ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಅಂತ ಸಾಲಾಗಿ ಇದ್ದರೆ, ಮುಂದೆ ಯಾವ ನಂಬರ್ ಇರಲಿ ಬಿಡಲಿ, ಚಹಾ ಜೊತೆ ದಿನಾ ಆರು ತಿನ್ನುವ ಬಿಸ್ಕೆಟ್ ಅದಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಬಿಡಿಯಾಗಿ ತಂದ ಒಂದು ಫೇಸ್ ಕ್ರೀಮ್ ಹಚ್ಚಿದೆ. ಒಂದೇ ವಾರದಲ್ಲಿ ಮುಖ ಬೆಳ್ಳಗಾಯಿತು. ಈಗ ಐದು ತಿಂಗಳಾಯಿತು. ಒಂದು ದಿನ ಬಿಟ್ಟರೂ ಮುಖ ಕೆಂಪಾಗಿ ಉರಿಯುತ್ತದೆ, ಗುಳ್ಳೆ ಏಳುತ್ತವೆ. ಏನು ಮಾಡಲಿ?
- ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಕಳವಳ ಆಯಿತು. ನನ್ನ ಅಕ್ಕನ ಮಗಳಿಗೂ ಇದೇ ಆಗಿತ್ತು. ಅವಳ ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ನರಗಳು ದಾರದ ಹಾಗೆ ಕಾಣುತ್ತಿದ್ದವು, ಬಿಸಿಲಿಗೆ ಹೋದರೆ ಅಳುವಷ್ಟು ಉರಿ. ನೀವು ಬರೆದ ಲಕ್ಷಣ ನೋಡಿದರೆ ಸ್ಟೀರಾಯ್ಡ್ ಇರಬಹುದು. ಟ್ಯೂಬ್ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದೆಯಾ ನೋಡಿ. ಅವು ಚರ್ಮರೋಗದ ಔಷಧ, ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಬೆಳ್ಳಗಾಗಲು ತಿಂಗಳುಗಟ್ಟಲೆ ಹಚ್ಚುವಂಥದ್ದಲ್ಲ.

ಡಬ್ಬಿ ಮೇಲೆ ಏನೂ ಬರೆದಿಲ್ಲದಿದ್ದರೆ ಇನ್ನೂ ಎಚ್ಚರ ಬೇಕು, ಪಾದರಸ ಇರಬಹುದು. ಪಾದರಸ ಚರ್ಮದಲ್ಲಿ ಕಪ್ಪು ಬಣ್ಣ ಹುಟ್ಟುವುದನ್ನೇ ತಡೆಯುತ್ತದೆ, ಅದಕ್ಕೇ ಅಷ್ಟು ಬೇಗ ಬೆಳ್ಳಗಾಗುವುದು. ಆದರೆ ಅದು ಚರ್ಮದ ಮೂಲಕ ಒಳಗೆ ಇಳಿದು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆ ಹೆಚ್ಚಾದದ್ದನ್ನು ಗಮನಿಸಿ ವಿಚಾರಿಸಿದಾಗ, ಆ ಬಗೆಯ 15 ಜನರಲ್ಲಿ 13 ಜನ ಬಿಳಿ ಮಾಡುವ ಕ್ರೀಮ್ ಹಚ್ಚಿದವರೇ ಆಗಿದ್ದರು. ನಿಮ್ಮ ಕಾಲು ಊದಿಕೊಳ್ಳುತ್ತಾ? ಮೂತ್ರದಲ್ಲಿ ನೊರೆ ಬರುತ್ತಾ? ಬಂದರೆ ಒಂದು ದಿನವೂ ತಡ ಮಾಡಬೇಡಿ, ಮೂತ್ರ ಪರೀಕ್ಷೆ ಮಾಡಿಸಿ.

ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುವುದು ಬೇಡ. ನಿಂಬೆರಸ, ಅಡುಗೆ ಸೋಡಾ ಅಂತ ಮನೆಮದ್ದೂ ಬೇಡ, ನೊಂದ ಚರ್ಮಕ್ಕೆ ಅವು ಇನ್ನಷ್ಟು ಉರಿ. ಈ ವಾರವೇ ಚರ್ಮ ವೈದ್ಯರ ಹತ್ತಿರ ಹೋಗಿ, ಡಬ್ಬಿ ಜೊತೆಯಲ್ಲೇ ಇರಲಿ. ಮೊದಲ ಕೆಲವು ವಾರ ಕಷ್ಟ ಆಗುತ್ತದೆ, ಅವರು ಸಹಾಯಕ್ಕೆ ಬೇರೆ ಔಷಧ ಕೊಡುತ್ತಾರೆ. ನಮ್ಮ ಹುಡುಗಿಗೆ ಸರಿಹೋಗಲು ಏಳೆಂಟು ತಿಂಗಳು ಹಿಡಿಯಿತು, ಆದರೆ ಸರಿಹೋಯಿತು. ಇನ್ನೊಂದು ಮಾತು, ನಿಮ್ಮ ಮೊದಲಿನ ಬಣ್ಣಕ್ಕೆ ಏನೂ ಕೊರತೆ ಇರಲಿಲ್ಲ.

ಪ್ರಶ್ನೆ: ಸ್ಟಿಕ್ಕರ್ ಇಡುವ ಜಾಗದಲ್ಲಿ ಬಿಳಿ ಕಲೆ ಆಗಿದೆ. ತೊನ್ನು ಅಂತ ಎಲ್ಲರೂ ಹೆದರಿಸುತ್ತಾರೆ. ಹಣೆ ಬರಿದಾಗಿ ಇಡಬಾರದು ಅಂತ ಅತ್ತೆ ಹೇಳುತ್ತಾರೆ.
- ಓದುಗರು, ಮಂಡ್ಯ

ಉತ್ತರ: ಕಲೆ ಸ್ಟಿಕ್ಕರ್‌ನಷ್ಟೇ ಗಾತ್ರ, ಅಷ್ಟೇ ಗುಂಡಗೆ ಇದ್ದರೆ ಅದರ ಅಂಟಿನಿಂದಲೇ ಆಗಿರುವ ಸಾಧ್ಯತೆ ಜಾಸ್ತಿ. ಕೆಲವು ಅಂಟುಗಳಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಅನ್ನುವ ವಸ್ತು ಇರುತ್ತದೆ, ಅದು ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಹಾಳು ಮಾಡುತ್ತದೆ. ಇವತ್ತಿನಿಂದಲೇ ಸ್ಟಿಕ್ಕರ್ ನಿಲ್ಲಿಸಿ. ಬೇಗ ನಿಲ್ಲಿಸಿದರೆ ಬಣ್ಣ ಮರಳಿ ಬರುವುದೂ ಉಂಟು.

ಅದರ ಬದಲು ಕುಂಕುಮ ಇಡಬಹುದಾ ಅಂತ ಕೇಳುತ್ತೀರಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ಆರತಿ ನೀರಲ್ಲಿ ನೋಡಿಯೇ ಇರುತ್ತೀರಿ, ಹಳೇ ಕಾಲದ ಕುಂಕುಮವೂ ಅದೇ ದಾರಿಯದು. ಪೇಟೆಯಲ್ಲಿ ತೂಕಕ್ಕೆ ಸಿಗುವ ಕಡುಗೆಂಪು ಪುಡಿಯಲ್ಲಿ ಬರೀ ಬಣ್ಣವೂ ಇರಬಹುದು. ಕಲೆ ವಾಸಿಯಾಗುವ ತನಕ ಯಾವುದೂ ಬೇಡ, ಅತ್ತೆಯವರಿಗೆ ಈ ಪುಟ ಓದಿ ಹೇಳಿ. ಆ ಸ್ಟಿಕ್ಕರ್ ಹಾಳೆಯನ್ನು ಮಾತ್ರ ಎಸೆಯಬೇಡಿ. ಚರ್ಮ ವೈದ್ಯರಿಗೆ ತೋರಿಸಿ, ಬೇಕಾದರೆ ಬೆನ್ನಿನ ಮೇಲೆ ಪ್ಯಾಚ್ ಟೆಸ್ಟ್ ಮಾಡಿ ಯಾವುದು ನಿಮಗೆ ಆಗುವುದಿಲ್ಲ ಅಂತ ಅವರು ಹೇಳುತ್ತಾರೆ.