ಗ್ಯಾರೇಜ್ ಪ್ರಶ್ನೋತ್ತರ: ಮೊದಲು ತಗಡು, ಆಮೇಲೆ ಪೈಪು

ಪ್ರಶ್ನೆ: ನನ್ನದು 1995ರ ಬಿಎಂಡಬ್ಲ್ಯು ಇ36. ಕ್ಲಚ್ ಬಿಟ್ಟು ಹೊರಡುವಾಗ, ರಿವರ್ಸ್ ತೆಗೆಯುವಾಗ ಹಿಂಬದಿಯಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಹಿಂದಿನ ಸಬ್‌ಫ್ರೇಮಿನ (ಹಿಂಚಕ್ರಗಳ ಜೋಡಣೆಯನ್ನು ಹೊರುವ ಚೌಕಟ್ಟು) ಬುಷ್‌ಗಳನ್ನು, ಅಂದರೆ ಅದುರು ತಡೆಯುವ ಮೆತ್ತೆಗಳನ್ನು, ಬದಲಾಯಿಸಿದರೂ ನಿಂತಿಲ್ಲ. ರೋಲ್ ಕೇಜ್ (ಕಾರು ಮಗುಚಿದಾಗ ಒಳಗಿನವರನ್ನು ಕಾಯುವ ಪೈಪಿನ ಪಂಜರ) ಹಾಕಿಸಿದರೆ ಬಾಡಿ ಬಿಗಿಯಾಗಿ ಸರಿಹೋಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಆಟೋಕ್ರಾಸ್‌ಗೆ (ಸಮಯದ ವಿರುದ್ಧ ಓಡಿಸುವ ಕಾರು ಸ್ಪರ್ಧೆ) ಇಳಿಯುವ ಆಸೆಯೂ ಇದೆ, ದಿನದ ಓಡಾಟವೂ ಇದರಲ್ಲೇ. ಏನು ಮಾಡಲಿ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಕೇಜಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಬುಷ್ ಹೊಸದಾಗಿಯೂ ಸದ್ದು ಉಳಿದಿದೆ ಎಂದರೆ ಬುಷ್ ಕೂರುವ ಜಾಗದ ತಗಡನ್ನೇ ಅನುಮಾನಿಸಬೇಕು. ಈ ಕಾರಿನಲ್ಲಿ ಸಬ್‌ಫ್ರೇಮ್ ನಾಲ್ಕು ಕಡೆ ಬಾಡಿಯ ತಗಡಿಗೆ ಬಿಗಿದುಕೊಂಡಿರುತ್ತದೆ. ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್‌ನ ತಿರುಚು ಬಲವೆಲ್ಲ ಆ ನಾಲ್ಕು ಜಾಗಗಳ ತೆಳು ತಗಡಿನ ಮೇಲೆ, ಅದರ ಸ್ಪಾಟ್ ವೆಲ್ಡ್‌ಗಳ (ತಗಡುಗಳನ್ನು ಕೂಡಿಸುವ ಚುಕ್ಕಿ ಬೆಸುಗೆ) ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಎಳೆದಾಡಿದ ಮೇಲೆ ಸ್ಪಾಟ್ ವೆಲ್ಡ್‌ನ ಅಂಚಿನಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ.

ಅದನ್ನು ಕಣ್ಣಾರೆ ನೋಡಬಹುದು. ಸಬ್‌ಫ್ರೇಮ್ ಬಿಗಿದ ಆ ಜಾಗಗಳ ಸುತ್ತಲಿನ ಅಂಡರ್‌ಕೋಟಿಂಗನ್ನು (ಕಾರಿನ ತಳಕ್ಕೆ ಬಳಿದ ರಕ್ಷಣಾ ಪದರ) ಪೂರ್ತಿ ಕೆರೆಸಿ. ಕೊಂಕಣ ತೀರದಿಂದ ಪುಣೆ ಬಳಿಯ ಭೋಸರಿಯ ನಮ್ಮ ಶೆಡ್ಡಿಗೆ ಬರುವ ಕಾರುಗಳಲ್ಲಿ ಆ ಕಪ್ಪು ಪದರ ಮೇಲೆ ನುಣುಪಾಗಿಯೇ ಇರುತ್ತದೆ, ಕೆರೆದರೆ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ತಂತಿ ಬ್ರಷ್‌ನಿಂದ ಬಿಳಿ ಲೋಹ ಕಾಣುವಂತೆ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ ಸೀಮೆಸುಣ್ಣ ಬಳಿಯಬೇಕು. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಸುಣ್ಣದ ಮೇಲೆ ಕಂದು ಗೆರೆಯಾಗಿ ಒಸರುತ್ತದೆ.

ಗೆರೆ ಕಂಡರೆ ಸಬ್‌ಫ್ರೇಮ್ ಕೆಳಗಿಳಿಯಲೇಬೇಕು. ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇದೆ, ಅದನ್ನೂ ಹೊರಗೆ ತೆಗೆಸಿ. ಒದ್ದೆ ಗೋಣಿ ಮುಚ್ಚಿ ಬೆಸುಗೆ ಮಾಡುತ್ತೇನೆ ಎನ್ನುವವರ ಕೈಗೆ ಕಾರು ಕೊಡಬೇಡಿ. ಬ್ಯಾಟರಿಯ ಸಂಪರ್ಕ ಬಿಡಿಸಿ. ಸೀಮೆಎಣ್ಣೆಯ ಜಿಡ್ಡು ತೊಳೆದು ಒಣಗಿಸಿ. ಬಿರುಕಿನ ಎರಡು ತುದಿಗಳಿಗೂ ಸಣ್ಣ ರಂಧ್ರ ಕೊರೆದರೆ ಅದು ಮುಂದೆ ಹರಿಯುವುದಿಲ್ಲ. ಆಮೇಲೆ ಬಿರುಕನ್ನು ಬೆಸೆದು ಮೇಲೆ ಪ್ಲೇಟು ಕೂರಿಸಬೇಕು. ಪ್ಲೇಟು ದಪ್ಪವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ತೆಳು ತಗಡಿಗೆ ಐದು ಮಿಲಿಮೀಟರಿನ ಚೌಕ ಪ್ಲೇಟು ಬಡಿದರೆ ಬಿರುಕು ಪ್ಲೇಟಿನ ಅಂಚಿನಲ್ಲಿ ಹೊಸದಾಗಿ ಶುರುವಾಗುತ್ತದೆ. ನಾನು ಬಳಸುವುದು 2ರಿಂದ 3 ಮಿಲಿಮೀಟರಿನದು, ಮೂಲೆಗಳು ದುಂಡಗೆ, ಅಗಲ ಧಾರಾಳವಾಗಿ. ಮಿಗ್ ವೆಲ್ಡಿಂಗ್‌ನಲ್ಲಿ (ತಂತಿ ತಾನಾಗಿ ಮುಂದೆ ಬರುವ ಬೆಸುಗೆ) ಅಲ್ಲಲ್ಲಿ ಹೊಲಿಗೆ ಹಾಕಿದಂತೆ, ತಣ್ಣಗಾಗಲು ಬಿಟ್ಟು ಬಿಟ್ಟು ಬೆಸೆಯಬೇಕು. ರಾಡಿನ ವೆಲ್ಡಿಂಗ್ ಬೇಡ, ತಗಡು ತೂತಾಗುತ್ತದೆ. ಕೊನೆಗೆ ಜಿಂಕ್ ಪ್ರೈಮರ್, ಸಂದು ಮುಚ್ಚುವ ಸೀಮ್ ಸೀಲರ್, ಟೊಳ್ಳು ಭಾಗಗಳಿಗೆ ಮೇಣ. ವಾಸ್ಕೋದ ಉಪ್ಪುಗಾಳಿಗೆ ಇದರಲ್ಲಿ ಒಂದನ್ನೂ ಬಿಡುವಂತಿಲ್ಲ.

ಈಗ ಕೇಜ್. ಅದರ ಕಾಲು ನಿಲ್ಲುವುದು ಇದೇ ತಗಡಿನ ಮೇಲೆ. ಬಿರಿದ ತಳದ ಮೇಲೆ ಕೇಜ್ ನಿಲ್ಲಿಸುವುದು ಗೆದ್ದಲು ತಿಂದ ಹಲಗೆಯ ಮೇಲೆ ಕಂಬ ನೆಟ್ಟಂತೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಂತೆ ಬಾಡಿಯ ತಗಡಿಗೆ ಬೆಸೆಯುವ ಬಲವರ್ಧನೆಯ ಪ್ಲೇಟು ಪ್ರತಿ ಕಾಲಿಗೂ ಕನಿಷ್ಠ 120 ಚದರ ಸೆಂಟಿಮೀಟರ್ ವಿಸ್ತಾರ, 3 ಮಿಲಿಮೀಟರ್ ದಪ್ಪ ಇರಬೇಕು. ಮುಂದಿನ ಸೀಟುಗಳ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ (ಅಥವಾ 50 ವ್ಯಾಸ, 2 ದಪ್ಪದ) ಜೋಡಣೆಯಿಲ್ಲದ ಉಕ್ಕಿನ ಪೈಪು ಬೇಕು. ನೀರಿನ ಜಿಐ ಪೈಪು ಬಾಗಿಸಿ ಕೇಜ್ ಎನ್ನುವವರಿದ್ದಾರೆ. ಅಂಥದ್ದನ್ನು ಯಾವ ಕಾರಣಕ್ಕೂ ಹಾಕಿಸಬೇಡಿ.

ದಿನದ ಓಡಾಟದ ಕಾರಿಗೆ ಪೂರ್ತಿ ಕೇಜ್ ಬೇಡವೆಂದೇ ನನ್ನ ಸಲಹೆ. ಸ್ಪರ್ಧೆಯಲ್ಲಿ ಹೆಲ್ಮೆಟ್ ಇರುತ್ತದೆ, ಐದಾರು ಪಟ್ಟಿಯ ಬೆಲ್ಟ್ ಮೈಯನ್ನು ಸೀಟಿಗೆ ಕಟ್ಟಿರುತ್ತದೆ. ಪೇಟೆಯಲ್ಲಿ ಸಣ್ಣ ಡಿಕ್ಕಿಯಾದರೂ ಬರಿದಲೆ ಉಕ್ಕಿನ ಪೈಪಿಗೆ ಬಡಿಯುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವುದಾದರೆ ಇದನ್ನು ಇನ್ನೊಮ್ಮೆ ಯೋಚಿಸಿ. ಕಾನೂನೂ ಇದೆ: ತಯಾರಕರ ಮೂಲ ವಿವರಗಳಿಗೆ ಹೊರತಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಆಟೋಕ್ರಾಸ್‌ಗೆಂದೇ ಇನ್ನೊಂದು ಕಾರು ಇಟ್ಟುಕೊಳ್ಳುವುದಾದರೆ, ಭಾರತದ ಮೋಟಾರು ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐನ ತಾಂತ್ರಿಕ ನಿಯಮಗಳನ್ನು ತರಿಸಿ ಓದಿದ ಮೇಲೆಯೇ ಪೈಪು ಕತ್ತರಿಸಿ.

ಪ್ರಶ್ನೆ: ನನ್ನ ರ‍್ಯಾಲಿ ಕಾರಿನ ಕೇಜಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸುತ್ತಿದರೆ ಸಾಕೇ?
– ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಸಾಲದು. ಬೆರಳಿನಿಂದ ಒತ್ತಿ ನೋಡಿ, ಪೈಪು ಕೈಗೆ ಸಿಗುತ್ತದೆ. ತಲೆ, ಹೆಲ್ಮೆಟ್ ತಾಗುವ ಕಡೆ ಎಫ್‌ಐಎ 8857-2001 ಗುರುತಿನ ಗಟ್ಟಿ ಪ್ಯಾಡಿಂಗ್ ಹಾಕಿಸಿ. ಅದನ್ನು ಒತ್ತಿದರೆ ಸುಲಭಕ್ಕೆ ಬಗ್ಗುವುದಿಲ್ಲ, ಹಾಗೆಯೇ ಇರಬೇಕು.