ಯಾಷಿಕಾ ಎಲೆಕ್ಟ್ರೋ 35 ಫಿಲ್ಮ್ ಕ್ಯಾಮೆರಾ ಬ್ಯಾಟರಿ ಇಲ್ಲದೆ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಆದರೆ ಅರೆಬರೆ. ಬ್ಯಾಟರಿ ಇಲ್ಲದಿದ್ದರೆ ಶಟರ್ ವೇಗ, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಅವಧಿ, ಸೆಕೆಂಡಿನ 1/500ಕ್ಕೆ ನಿಂತುಬಿಡುತ್ತದೆ. ಹೊರಗೆ ಚೆನ್ನಾಗಿ ಬಿಸಿಲಿದ್ದು, ಒಳಗೆ ಬೆಳಕಿಗೆ ಬೇಗ ಸ್ಪಂದಿಸುವ 400 ಐಎಸ್‌ಒ ಫಿಲ್ಮ್ ಇದ್ದರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಹೊಂದಿಸಿಕೊಂಡು ಹೇಗೋ ನಿಭಾಯಿಸಬಹುದು. ಮನೆಯೊಳಗೆ ಮಾತ್ರ ಕತ್ತಲೆಯೇ ಗತಿ.

1966ರಲ್ಲಿ ಬಂದ ಈ ಜಪಾನಿ ಕ್ಯಾಮೆರಾದಲ್ಲಿ ನೀವು ಅಪರ್ಚರ್ ಆರಿಸಿದರೆ ಸಾಕು, ಶಟರ್ ವೇಗವನ್ನು ಅದೇ ಲೆಕ್ಕ ಹಾಕುತ್ತದೆ. ವೇಗವನ್ನು ಕೈಯಿಂದ ಹೊಂದಿಸುವ ದಾರಿಯೇ ಇಲ್ಲ. ಇದೇ ಕಾರಣಕ್ಕೆ ಕೆಲವರು ಕ್ಯಾನೊನೆಟ್ ಕ್ಯೂಎಲ್17 ಕ್ಯಾಮೆರಾ ಹುಡುಕುತ್ತಾರೆ; ಅದರ ಬ್ಯಾಟರಿ ಸತ್ತರೆ ಬೆಳಕು ಅಳೆಯುವ ಮೀಟರ್ ಮತ್ತು ಅದನ್ನು ನಂಬಿದ ಆಟೋ ಮಾತ್ರ ಹೋಗುತ್ತವೆ, ಕೈಯಿಂದ ಹೊಂದಿಸಿದರೆ ಉಳಿದದ್ದೆಲ್ಲ ನಡೆಯುತ್ತದೆ.

ಎಲೆಕ್ಟ್ರೋ 35ಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ಹಾಕಿ. ಅದು ಗಿಡ್ಡ, ಹಾಗಾಗಿ ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಇಟ್ಟು, ಅಲುಗಾಡದಂತೆ ಸುತ್ತ ಕಾಗದ ಸುತ್ತಿ. ವೋಲ್ಟೇಜಿನ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೊಳ್ಳುವ ಮುನ್ನ ಫಿಲ್ಮ್ ಮುಂದೂಡುವ ಲಿವರ್ ಎಳೆದು ಕಿವಿಗೊಟ್ಟು ಕೇಳಿ. 'ಟಕ್' ಎಂಬ ಸದ್ದು ಬರಬೇಕು. ಬರದಿದ್ದರೆ ಒಳಗಿನ ಪುಟ್ಟ ರಬ್ಬರ್ ತುಂಡು ಕರಗಿ ಪುಡಿಯಾಗಿರಬಹುದು. ಆಗ ವೇಗದ ಲೆಕ್ಕವೇ ತಪ್ಪುತ್ತದೆ. ಅದನ್ನು ಬದಲಾಯಿಸಲು ಮೇಲಿನ ಕವಚ ಬಿಚ್ಚಬೇಕು, ತಾಳ್ಮೆಯ ಕೆಲಸ. ವ್ಯೂಫೈಂಡರಿನಲ್ಲಿ ಎರಡಾಗಿ ಕಾಣುವ ಬಿಂಬ ಫೋಕಸ್ ಉಂಗುರ ತಿರುಗಿಸಿದಾಗ ಒಂದಾಗುತ್ತದೆಯೇ ನೋಡಿ.

ಇಷ್ಟು ಸರಿಯಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. 45 ಮಿ.ಮೀ. ಎಫ್/1.7 ಲೆನ್ಸ್ ನಿಜಕ್ಕೂ ಸೊಗಸು, ಮದುವೆಮನೆಯ ಮಂದ ಬೆಳಕಲ್ಲೂ.