ಹಡಗಿಗೂ ಆಯಸ್ಸು ಬರೆದವರು

ಐದು ದೇಶಗಳು ತಮ್ಮ ಯುದ್ಧನೌಕೆಗಳಿಗೆ ಮಿತಿ ಹಾಕಿಕೊಂಡ 1922ರ ವಾಷಿಂಗ್ಟನ್ ನೌಕಾ ಒಪ್ಪಂದದ ಬಗ್ಗೆ ಓದಿ ನೀವು ಎರಡು ಪ್ರಶ್ನೆ ಕಳಿಸಿದ್ದೀರಿ. ಯುದ್ಧನೌಕೆ ಇಷ್ಟೇ ದೊಡ್ಡದಿರಬೇಕು ಅನ್ನೋದು ಸರಿ, ಇಷ್ಟು ವರ್ಷ ಬಾಳಬೇಕು ಅಂತಲೂ ಯಾಕೆ ಬರೆದರು? ತೂಕ ಪರೀಕ್ಷಿಸುತ್ತಿದ್ದವರು ಯಾರು?

ನಿಜ ಹೇಳಬೇಕೆಂದರೆ ಆ ಒಪ್ಪಂದದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದೇ ವಯಸ್ಸಿನ ಮಾತು. ದೊಡ್ಡ ಯುದ್ಧನೌಕೆಗಳ ಒಟ್ಟು ತೂಕವನ್ನು ಬ್ರಿಟನ್, ಅಮೆರಿಕಕ್ಕೆ ತಲಾ 5,25,000 ಟನ್, ಜಪಾನಿಗೆ 3,15,000, ಫ್ರಾನ್ಸ್, ಇಟಲಿಗೆ ತಲಾ 1,75,000 ಎಂದು ಹಂಚಿದರು. ಒಂದೊಂದು ಹಡಗು 35,000 ಟನ್ ದಾಟಬಾರದು. ಇಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತು? ಐದಾರು ವರ್ಷಕ್ಕೊಮ್ಮೆ ಹಳೆಯದನ್ನು ಗುಜರಿಗೆ ಹಾಕಿ, ಅದೇ ತೂಕದಲ್ಲಿ ಇನ್ನೂ ಚುರುಕಾದದ್ದನ್ನು ಕಟ್ಟುತ್ತಿದ್ದರು. ಲೆಕ್ಕ ಸರಿ, ಪೈಪೋಟಿ ಹಾಗೇ, ಖರ್ಚೂ ಹಾಗೇ! ಅದಕ್ಕೇ ಹಡಗಿಗೆ 20 ವರ್ಷ ತುಂಬುವ ತನಕ ಬದಲಿ ಬರುವಂತಿಲ್ಲ ಎಂದರು, ಅದನ್ನು ಕಟ್ಟಲು ಶುರು ಮಾಡಬೇಕಾದರೂ 17 ವರ್ಷ ಕಾಯಬೇಕಿತ್ತು. ಅಪಘಾತದಲ್ಲಿ ಮುಳುಗಿದರೆ ಮಾತ್ರ ವಿನಾಯಿತಿ. ಮೇಲಿಂದ ಹತ್ತು ವರ್ಷ ದೊಡ್ಡ ಹಡಗು ಕಟ್ಟುವುದಕ್ಕೇ ರಜೆ. ಆದರೂ ಜಪಾನ್ ಆಗಷ್ಟೇ ಮುಗಿದಿದ್ದ ಮುತ್ಸು ಎಂಬ ಯುದ್ಧನೌಕೆಯನ್ನು ಬಿಡಲೊಲ್ಲೆ ಎಂದು ಹಠ ಹಿಡಿಯಿತು, ಸಮ ಮಾಡಲು ಬ್ರಿಟನ್ನಿಗೆ ಎರಡು ಹೊಸ ಹಡಗು ಕಟ್ಟಲು ಬಿಡಬೇಕಾಯಿತು. ಇದೇ ದೇಶಗಳವರು 1930ರಲ್ಲಿ ಲಂಡನ್ನಿನಲ್ಲಿ ಮತ್ತೆ ಮಾತುಕತೆಗೆ ಕೂತಾಗ ಜಲಾಂತರ್ಗಾಮಿಗೂ 13 ವರ್ಷದ ಆಯಸ್ಸು ಬರೆದರು.

ಸಂದು ಇರಲಿಲ್ಲ ಅಂತಲ್ಲ. ವಿಮಾನ, ಜಲಾಂತರ್ಗಾಮಿ ದಾಳಿಯಿಂದ ಕಾಪಾಡಲು ಹಳೆ ಹಡಗಿಗೆ 3,000 ಟನ್ ಸೇರಿಸಬಹುದಿತ್ತು. ಹೊಸದು ಕಟ್ಟಬೇಡಿ ಅಂದರೆ ಹಳೆಯದನ್ನೇ ಹೊಸದು ಮಾಡಿದರು ಅನ್ನಿ. 1913ರಲ್ಲಿ ಮುಗಿದ ಜಪಾನಿನ ಕೊಂಗೊ ಎಂಬ ಹಡಗನ್ನು ಎರಡು ಸಲ ಬಿಚ್ಚಿ ಕಟ್ಟಿದರು.

ಅಂದಹಾಗೆ, ಭಾರತದ ಪರವಾಗಿಯೂ ಅಲ್ಲಿ ರುಜು ಬಿದ್ದಿದೆ, ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳದ್ದು. ಮಿತಿ ಹಾಕಲು ನಮ್ಮದೆಂಬ ಒಂದು ದೊಡ್ಡ ಯುದ್ಧನೌಕೆಯೂ ಇರಲಿಲ್ಲ, ಆ ಮಾತು ಬೇರೆ.

ಇನ್ನು ತೂಕ. ಸಿಬ್ಬಂದಿ, ಮದ್ದುಗುಂಡು, ದಿನಸಿ ಎಲ್ಲ ಲೆಕ್ಕಕ್ಕೆ. ಇಂಧನ ಮತ್ತು ಬಾಯ್ಲರಿಗೆ ಕೂಡಿಟ್ಟ ನೀರು ಇಲ್ಲ. ದೂರ ದೂರ ಸಾಗಬೇಕಾದ ಬ್ರಿಟನ್, ಅಮೆರಿಕಕ್ಕೆ ಇದು ಅನುಕೂಲವೇ ಅಲ್ವಾ? ಪರೀಕ್ಷಕರು ಅಂತ ಯಾರೂ ಇರಲಿಲ್ಲ, ಹೇಳಿದ್ದನ್ನು ನಂಬಬೇಕಿತ್ತು. ಕ್ರೂಸರ್ ಎಂಬ ಸಣ್ಣ ಯುದ್ಧನೌಕೆಗೆ ಮಿತಿ 10,000 ಟನ್, ಇಟಲಿಯ ಗೊರಿಜಿಯಾ ಅಷ್ಟೇ ತೂಕದ ಕ್ರೂಸರ್ ಎಂದೇ ಹೆಸರಾಗಿತ್ತು. 1936ರಲ್ಲಿ ಟ್ಯಾಂಜಿಯರ್ ಬಳಿ ಒಳಗೇ ಪೆಟ್ರೋಲ್ ಸಿಡಿದು, ರಿಪೇರಿಗೆ ಬ್ರಿಟಿಷರ ಜಿಬ್ರಾಲ್ಟರಿಗೇ ಹೋಗಬೇಕಾಯಿತು. ಡಾಕಿಗೆ ಏರಿಸಿದ ಮೇಲೆ ಮುಚ್ಚಿಡೋದೇನು, ಮಿತಿ ಚೆನ್ನಾಗಿಯೇ ದಾಟಿದೆ ಅಂತ ಬ್ರಿಟಿಷರಿಗೆ ಗೊತ್ತಾಗಿಹೋಯಿತು.